ಸೋಲಾರ್ ಸರಿ, ಸುಣ್ಣದ ಕಲ್ಲಿನ ಕಥೆ ಏನು?

ಪ್ರಶ್ನೆ: ನಮ್ಮದು ಸೇಡಂ ತಾಲ್ಲೂಕಿನ ಹಳ್ಳಿ. ತೊಗರಿ, ಹೆಸರು ಬೆಳೆಯುತ್ತೇವೆ. ತಮ್ಮ ಸಿಮೆಂಟ್ ಕಾರ್ಖಾನೆಯೊಂದರಲ್ಲಿ ಗುತ್ತಿಗೆ ಕೆಲಸಕ್ಕಿದ್ದಾನೆ. ರಾಜ್ಯ ಸರ್ಕಾರ ಹಸಿರುಮನೆ ಅನಿಲ ಕಡಿಮೆ ಮಾಡುತ್ತಿದೆ, ಸೋಲಾರ್‌ನಲ್ಲಿ ಮುಂದಿದೆ ಎಂದು ಪೇಪರಿನಲ್ಲಿ ಓದುತ್ತೇನೆ. ಇಲ್ಲಿ ನೋಡಿದರೆ ಚಿಮಣಿಗಳು ಉಗುಳುತ್ತಲೇ ಇವೆ. ಸರ್ಕಾರದ ಕೆಲಸ ನಿಜವೋ, ಬರೀ ಕಾಗದದ ಮೇಲೋ? ಕಾರ್ಖಾನೆಗಳನ್ನು ಯಾರೂ ಕೇಳುವುದಿಲ್ಲವೇ? ಕೇಳಿದರೆ ತಮ್ಮನ ಕೆಲಸಕ್ಕೆ ಕುತ್ತು ಬರುತ್ತದಾ? ಇನ್ನೊಂದು ಮಾತು: ಈ ಬೇಸಿಗೆಯಲ್ಲಿ ಮನೆ ಕಟ್ಟಿಸಬೇಕು ಅಂತಿದ್ದೇವೆ. ಪರಿಸರಕ್ಕೆ ಯಾವ ಸಿಮೆಂಟ್ ವಾಸಿ?

ಉತ್ತರ: ಕೆಲಸ ಆಗಿದೆ, ಕಾಗದದ ಮೇಲಷ್ಟೇ ಅಲ್ಲ. ಆದರೆ ಆಗಿರುವುದು ಹೆಚ್ಚುಕಡಿಮೆ ಎಲ್ಲವೂ ಕರೆಂಟಿನ ಕಡೆ. ನಿಮ್ಮ ಸುತ್ತಮುತ್ತ ಹೊರಬೀಳುವ ಇಂಗಾಲದಲ್ಲಿ ದೊಡ್ಡ ಪಾಲು ಕರೆಂಟಿನದಲ್ಲ, ಸಿಮೆಂಟಿಗಾಗಿ ಸುಡುವ ಸುಣ್ಣದ ಕಲ್ಲಿನದು. ಕಾರ್ಖಾನೆಗಳ ಇಂಗಾಲ ಕೇಂದ್ರದ ವಿಷಯ, ರಾಜ್ಯದ ಕೈಲಿ ಏನೂ ಇಲ್ಲ ಎಂದು ಅಧಿಕಾರಿಗಳು ಹೇಳುವುದುಂಟು. ಅರ್ಧ ಒಪ್ಪುತ್ತೇನೆ. ಉಳಿದರ್ಧಕ್ಕೆ ತಕರಾರಿದೆ.

ಮೊದಲು ಕರೆಂಟ್. ತುಮಕೂರು ಜಿಲ್ಲೆಯ ಪಾವಗಡದಲ್ಲಿ ಸುಮಾರು 13,000 ಎಕರೆಯಲ್ಲಿ 2,050 ಮೆಗಾವಾಟ್‌ನ ಸೋಲಾರ್ ಪಾರ್ಕ್ ಇದೆ. 2018ರಲ್ಲಿ ಶುರುವಾಗಿ 2019ರ ಕೊನೆಗೆ ಪೂರ್ತಿಯಾಯಿತು. ಅಲ್ಲಿ ಸರ್ಕಾರ ರೈತರ ಜಮೀನು ಕೊಳ್ಳಲಿಲ್ಲ, ಗುತ್ತಿಗೆಗೆ ಹಿಡಿಯಿತು. ಎಕರೆಗೆ ವರ್ಷಕ್ಕೆ 21,000 ರೂಪಾಯಿ, ಎರಡು ವರ್ಷಕ್ಕೊಮ್ಮೆ ಶೇ 5ರಷ್ಟು ಏರಿಕೆ. ಪಹಣಿಯಲ್ಲಿ ಹೆಸರು ಉಳಿಯಿತು, ಬಾಡಿಗೆಯೂ ಬಂತು. ಕೂಲಿ ಮಾಡಿ ಬದುಕುವವರಿಗೆ ಮಾತ್ರ ಆ ಬಾಡಿಗೆಯಲ್ಲಿ ಪಾಲಿಲ್ಲ, ಹೊಲದ ಕೆಲಸವೂ ಇಲ್ಲ. ನಾಳೆ ನಿಮ್ಮೂರಿಗೂ ಯಾರಾದರೂ ಸೋಲಾರ್‌ಗೆ ಜಮೀನು ಕೇಳಿಕೊಂಡು ಬಂದರೆ ಈ ಎರಡೂ ಮಾತು ನೆನಪಿರಲಿ.

ಪಾವಗಡಕ್ಕೆ ಗಾಳಿ ವಿದ್ಯುತ್ತು, ಶರಾವತಿ-ಕಾಳಿಯ ಹಳೆಯ ಜಲವಿದ್ಯುತ್ತು ಸೇರಿಸಿ. ರಾಜ್ಯದ ಒಟ್ಟು ಸ್ಥಾಪಿತ ಸಾಮರ್ಥ್ಯದಲ್ಲಿ ಅರ್ಧಕ್ಕಿಂತ ಜಾಸ್ತಿ ಕಲ್ಲಿದ್ದಲು ಬಿಟ್ಟು ಬೇರೆಯದು. ಇದು ಸಣ್ಣ ಸಾಧನೆಯಲ್ಲ. ಆದರೆ ಕೊಟ್ಟಿಗೆಯಲ್ಲಿ ಎಷ್ಟು ಎತ್ತು ಕಟ್ಟಿವೆ ಎನ್ನುವುದು ಬೇರೆ, ಹೊಲದಲ್ಲಿ ಎಷ್ಟು ಹೊತ್ತು ನಡೆದವು ಎನ್ನುವುದು ಬೇರೆ. ಸೋಲಾರ್ ಫಲಕ ಇಡೀ ದಿನದ ಲೆಕ್ಕದಲ್ಲಿ ತನ್ನ ಸಾಮರ್ಥ್ಯದ ಐದನೇ ಒಂದು ಭಾಗದಷ್ಟು ಮಾತ್ರ ಕೊಡುತ್ತದೆ. ಹೊತ್ತು ಮುಳುಗಿದ ಮೇಲೆ ಭಾರ ಹೊರುವುದು ಹೆಚ್ಚಾಗಿ ನಮ್ಮ ಕಡೆಯ ಕಲ್ಲಿದ್ದಲು ಸ್ಥಾವರಗಳೇ. ರಾಯಚೂರಿನ ಶಕ್ತಿನಗರದಲ್ಲಿ 1,720 ಮೆಗಾವಾಟ್, ಯರಮರಸ್‌ನಲ್ಲಿ 1,600, ಬಳ್ಳಾರಿಯ ಕುಡತಿನಿಯಲ್ಲಿ 1,700. ಮೂರೂ ಕಲ್ಯಾಣ ಕರ್ನಾಟಕದಲ್ಲೇ ಇವೆ ನೋಡಿ. ಕರೆಂಟ್ ಎಲ್ಲರಿಗೂ, ಬೂದಿ ಮಾತ್ರ ನಮಗೆ.

2023ರಲ್ಲಿ ಮಳೆ ಕೈಕೊಟ್ಟಾಗ ಇದು ಚೆನ್ನಾಗಿ ಕಂಡಿತು. ಜಲಾಶಯ ತುಂಬಲಿಲ್ಲ, ಬೇಡಿಕೆ ಏರಿತು. ಅಕ್ಟೋಬರಿನಲ್ಲಿ ಸರ್ಕಾರ ವಿದ್ಯುತ್ ಕಾಯ್ದೆಯ ಸೆಕ್ಷನ್ 11 ಬಳಸಿ, ಖಾಸಗಿ ಉತ್ಪಾದಕರು ರಾಜ್ಯಕ್ಕೇ ಕರೆಂಟ್ ಕೊಡಬೇಕೆಂದು ಆದೇಶ ಹೊರಡಿಸಬೇಕಾಯಿತು. ಹಗಲಿನ ಬಿಸಿಲನ್ನು ಸಂಜೆಗೆ ಕೂಡಿಡದೆ ಕಲ್ಲಿದ್ದಲು ಬಿಡುವುದು ಆಗದ ಮಾತು. ಅದಕ್ಕೇ ಶರಾವತಿ ಕಣಿವೆಯಲ್ಲಿ 2,000 ಮೆಗಾವಾಟ್‌ನ ಪಂಪ್ಡ್ ಸ್ಟೋರೇಜ್ ಯೋಜನೆ ತರಲು ಸರ್ಕಾರ ಹೊರಟಿದೆ. ಹಗಲು ನೀರನ್ನು ಮೇಲಿನ ಜಲಾಶಯಕ್ಕೆ ಎತ್ತುವುದು, ಸಂಜೆ ಕೆಳಗೆ ಬಿಟ್ಟು ಕರೆಂಟ್ ತೆಗೆಯುವುದು. ಆದರೆ ಅದು ಸಿಂಗಳೀಕಗಳ ಅಭಯಾರಣ್ಯ. ಮಲೆನಾಡಿನವರು ವಿರೋಧಿಸುವುದರಲ್ಲಿ ಅರ್ಥವಿದೆ. ಬ್ಯಾಟರಿಯ ಬೆಲೆ ಇಳಿಯುತ್ತಿರುವ ಈ ಹೊತ್ತಿನಲ್ಲಿ, ಮೊದಲು ನಮ್ಮ ಬಯಲು ಸೀಮೆಯ ಸಬ್‌ಸ್ಟೇಷನ್‌ಗಳ ಪಕ್ಕ ಬ್ಯಾಟರಿ ಹಾಕಿ ನೋಡಲಿ ಎನ್ನುವವನು ನಾನು.

ಸರ್ಕಾರದ ಯೋಜನೆಗಳಲ್ಲಿ ರೈತರಿಗೆ ನೇರವಾಗಿ ತಾಗುವುದು ಕುಸುಮ್, ಅಂದರೆ ಪಂಪ್‌ಸೆಟ್ಟಿಗೆ ಸೋಲಾರ್ ಕರೆಂಟ್ ಕೊಡುವ ಯೋಜನೆ. ರಾತ್ರಿ ಎರಡು ಗಂಟೆಗೆ ತ್ರೀ ಫೇಸ್ ಬಂತೆಂದು ಟಾರ್ಚ್ ಹಿಡಿದು ಹೊಲಕ್ಕೆ ಹೋಗಿ, ಹಾವು-ಚೇಳಿಗೆ ಅಂಜುತ್ತ ನೀರು ಕಟ್ಟಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಕುಸುಮ್-ಸಿ ಎಂದರೆ ಸಬ್‌ಸ್ಟೇಷನ್ ಹತ್ತಿರವೇ ಸೋಲಾರ್ ಘಟಕ ಹಾಕಿ, ಪಂಪ್‌ಸೆಟ್ಟಿನ ಫೀಡರಿಗೆ ಹಗಲಲ್ಲೇ ಕರೆಂಟ್ ಕೊಡುವುದು. ದೂರದಿಂದ ತರುವಾಗ ತಂತಿಯಲ್ಲಿ ಆಗುವ ನಷ್ಟವೂ ಉಳಿಯುತ್ತದೆ. ಕುಸುಮ್-ಬಿ ಎಂದರೆ ಟಿಸಿಯಿಂದ (ಟ್ರಾನ್ಸ್‌ಫಾರ್ಮರ್) 500 ಮೀಟರಿಗಿಂತ ದೂರದ ಬೋರ್‌ವೆಲ್‌ಗೆ ಸೋಲಾರ್ ಪಂಪ್. ಕೇಂದ್ರ ಶೇ 30, ರಾಜ್ಯ ಶೇ 50, ರೈತ ಶೇ 20. ಈ ಎರಡರಲ್ಲಿ ನನಗೆ ಸಿ ಹೆಚ್ಚು ಹಿಡಿಸುತ್ತದೆ. ಸ್ವಂತ ಸೋಲಾರ್ ಪಂಪ್ ಇದ್ದರೆ ಬಿಸಿಲು ಇರುವಷ್ಟೂ ಹೊತ್ತು ನೀರು ಎತ್ತಬಹುದು, ಬಿಲ್ಲೂ ಇಲ್ಲ, ತಡೆಯೂ ಇಲ್ಲ. ಇಂಗಾಲ ಉಳಿಸಲು ಹೋಗಿ ಅಂತರ್ಜಲ ಬತ್ತಿಸಿಕೊಂಡರೆ ಏನು ಬಂತು? ಫೀಡರಿನಲ್ಲಾದರೆ ಗಂಟೆಯ ಮಿತಿ ಇರುತ್ತದೆ.

ಮನೆಯ ಮೇಲಿನ ಸೋಲಾರ್ ಇನ್ನೊಂದು ಕಥೆ. ನಮ್ಮ ಬಿಸಿಲಿಗೆ ಒಂದು ಕಿಲೋವಾಟ್ ಫಲಕ ದಿನಕ್ಕೆ ಸುಮಾರು ನಾಲ್ಕು ಯೂನಿಟ್ ಕೊಡುತ್ತದೆ. ದೇಶದ ಗ್ರಿಡ್‌ನಲ್ಲಿ ಒಂದು ಯೂನಿಟ್‌ಗೆ ಸುಮಾರು 0.7 ಕಿಲೋ ಇಂಗಾಲದ ಡೈಆಕ್ಸೈಡ್ ಹೊರಬೀಳುತ್ತದೆ. ಗುಣಿಸಿ ನೋಡಿ, ವರ್ಷಕ್ಕೆ ಸುಮಾರು ಒಂದು ಟನ್ ಉಳಿತಾಯ. ಪಿಎಂ ಸೂರ್ಯಘರ್‌ನಲ್ಲಿ ಮೂರು ಕಿಲೋವಾಟ್‌ಗೆ ಕೇಂದ್ರ 78,000 ರೂಪಾಯಿ ಸಬ್ಸಿಡಿಯನ್ನೂ ಕೊಡುತ್ತದೆ. ಹಾಗಿದ್ದರೂ ಕಲಬುರಗಿಯಲ್ಲಿ ಮಾಳಿಗೆ ಮೇಲೆ ಫಲಕ ಕಾಣುವುದು ಅಪರೂಪ. ಗೃಹಜ್ಯೋತಿಯಲ್ಲಿ 200 ಯೂನಿಟ್‌ವರೆಗೆ ಬಿಲ್ಲೇ ಇಲ್ಲದಿರುವಾಗ ಕೈಯಿಂದ ಲಕ್ಷ ಹಾಕಿ ಫಲಕ ಯಾರು ಕೂರಿಸುತ್ತಾರೆ? ಗೃಹಜ್ಯೋತಿ ಬೇಡ ಅನ್ನುತ್ತಿಲ್ಲ. ನಮ್ಮ ಮೇ ತಿಂಗಳಲ್ಲಿ ಬಡವರ ಮನೆಯಲ್ಲೂ ಒಂದು ಕೂಲರ್ ತಿರುಗಬೇಕು. ಆದರೆ ಅದೇ ಸಬ್ಸಿಡಿಯ ಒಂದು ಪಾಲನ್ನು ಮುಂಗಡವಾಗಿ ಕೊಟ್ಟು ಆ ಮನೆಗಳ ಮೇಲೇ ಫಲಕ ಹಾಕಿಸಿದರೆ, ಸರ್ಕಾರಕ್ಕೂ ಕೆಲವು ವರ್ಷಗಳಲ್ಲಿ ಹೊರೆ ಇಳಿಯುತ್ತದೆ. ಒಂದು ಇಲಾಖೆಯ ಯೋಜನೆ ಇನ್ನೊಂದು ಇಲಾಖೆಯದರ ಕಾಲಿಗೆ ತೊಡರುವುದು ಹೀಗೆ.

ಬಸ್ಸಿನ ಲೆಕ್ಕ ಚಿಕ್ಕದು. ಕರ್ನಾಟಕ 2017ರಲ್ಲೇ ವಿದ್ಯುತ್ ವಾಹನ ನೀತಿ ತಂದ ಮೊದಲ ರಾಜ್ಯ. ಎಲೆಕ್ಟ್ರಿಕ್ ಬಸ್ಸು ಹೆಚ್ಚಾಗಿ ಓಡುತ್ತಿರುವುದು ಮಾತ್ರ ಬೆಂಗಳೂರಿನಲ್ಲಿ. ಆದರೂ ನಮ್ಮ ಕೆಕೆಆರ್‌ಟಿಸಿಯ ಹಳೆಯ ಡೀಸೆಲ್ ಬಸ್ಸನ್ನು ಕಡೆಗಣಿಸಬೇಡಿ. ಒಂದು ಲೀಟರ್ ಡೀಸೆಲ್ ಸುಟ್ಟರೆ ಸುಮಾರು 2.7 ಕಿಲೋ ಇಂಗಾಲದ ಡೈಆಕ್ಸೈಡ್. ಲೀಟರಿಗೆ ಐದು ಕಿಲೋಮೀಟರ್ ಓಡುವ ಬಸ್ಸಿನಲ್ಲಿ 50 ಜನ ಕೂತರೆ ಒಬ್ಬರಿಗೆ ಕಿಲೋಮೀಟರಿಗೆ 11 ಗ್ರಾಂ ಬೀಳುತ್ತದೆ. ಬೈಕಿನಲ್ಲಿ ಒಬ್ಬರೇ ಹೋದರೆ 45 ಗ್ರಾಂ ದಾಟುತ್ತದೆ. 2023ರ ಜೂನ್‌ನಲ್ಲಿ ಬಂದ ಶಕ್ತಿ ಯೋಜನೆ ಹವಾಮಾನಕ್ಕಾಗಿ ತಂದದ್ದಲ್ಲ. ಆದರೆ ತುಂಬಿದ ಬಸ್ಸು ಖಾಲಿ ಬಸ್ಸಿಗಿಂತ ಯಾವಾಗಲೂ ಮೇಲು.

ಈಗ ನಿಮ್ಮ ಚಿಮಣಿಗೆ ಬರೋಣ. ಇಲ್ಲೊಂದು ತಪ್ಪು ತಿಳಿವಳಿಕೆ ಇದೆ, ಅದನ್ನು ಮೊದಲು ಬಿಡಿಸಬೇಕು. ಕಣ್ಣಿಗೆ ಕಾಣುವುದು ದೂಳು, ಹೊಗೆ, ನೀರಿನ ಹಬೆ. ತೊಗರಿ ಎಲೆಯ ಮೇಲೆ ಬಿಳಿ ಪುಡಿ ಕೂತರೆ ಅದು ದೂಳಿನ ದೂರು. ಮಾಲಿನ್ಯ ನಿಯಂತ್ರಣ ಮಂಡಳಿಗೆ ಕೊಡಬೇಕಾದ್ದು. ಬೆಳೆಗೂ ಎದೆಗೂ ಅದು ಕೆಟ್ಟದ್ದೇ. ಆದರೆ ಭೂಮಿ ಬಿಸಿಯಾಗಿಸುವ ಇಂಗಾಲದ ಡೈಆಕ್ಸೈಡಿಗೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ. ದೂಳು ಹಿಡಿಯುವ ಫಿಲ್ಟರ್ ಎಷ್ಟೇ ಚೆನ್ನಾಗಿರಲಿ, ಈ ಅನಿಲ ಅದರೊಳಗಿಂದಲೇ ಹಾದುಹೋಗುತ್ತದೆ. ಚಿಮಣಿ ಶುಭ್ರವಾಗಿ ಕಂಡಿತೆಂದರೆ ಅನಿಲ ನಿಂತಿತು ಎಂದು ತಿಳಿಯಬಾರದು.

ಅದು ಬರುವುದು ಎಲ್ಲಿಂದ? ಕಲ್ಲಿದ್ದಲಿನಿಂದ ಸ್ವಲ್ಪ, ಕಲ್ಲಿನಿಂದಲೇ ಜಾಸ್ತಿ. ಸೇಡಂ, ಮಳಖೇಡ, ವಾಡಿ, ಚಿತ್ತಾಪುರದ ನೆಲದಡಿ ಇರುವ ಸುಣ್ಣದ ಕಲ್ಲು ಕ್ಯಾಲ್ಸಿಯಂ ಕಾರ್ಬೊನೇಟ್. ಶುದ್ಧವಾದ ನೂರು ಕಿಲೋ ಕಲ್ಲನ್ನು ಸುಟ್ಟರೆ ಉಳಿಯುವುದು 56 ಕಿಲೋ ಸುಣ್ಣ. ಮಿಕ್ಕ 44 ಕಿಲೋ ಇಂಗಾಲದ ಡೈಆಕ್ಸೈಡ್ ಆಗಿ ಗಾಳಿಗೆ ಹೋಗುತ್ತದೆ. ಕೋಟಿಗಟ್ಟಲೆ ವರ್ಷಗಳ ಹಿಂದೆ ಈ ಕಲ್ಲು ಆಗುವಾಗ ಸೇರಿಕೊಂಡ ಇಂಗಾಲ ಅದು. ಕಿಲ್ನ್‌ನಲ್ಲಿ (ಸುಡುವ ಗೂಡು) 1,450 ಡಿಗ್ರಿ ಕಾವು ಹಿಡಿದಾಗ ಕ್ಲಿಂಕರ್ ಹೊರಬರುತ್ತದೆ, ಅರೆದರೆ ಸಿಮೆಂಟ್ ಆಗುವ ಗಟ್ಟಿ ಉಂಡೆಗಳು. ಒಂದು ಟನ್ ಕ್ಲಿಂಕರ್‌ಗೆ ಕಲ್ಲಿನಿಂದ ಅರ್ಧ ಟನ್‌ಗಿಂತ ಸ್ವಲ್ಪ ಜಾಸ್ತಿ, ಬೆಂಕಿಯಿಂದ ಇನ್ನು ಮೂರು ಕ್ವಿಂಟಲ್ ಆಸುಪಾಸು. ಕಿಲ್ನ್‌ಗೆ ಕಲ್ಲಿದ್ದಲಿನ ಬದಲು ಊರಿನ ಒಣ ಕಸ ಹಾಕಿ, ತೊಗರಿ ಕಟ್ಟಿಗೆ ಹಾಕಿ, ಬಿಸಿ ಗಾಳಿಯಿಂದ ಕರೆಂಟ್ ತೆಗೆಯಿರಿ, ಎಲ್ಲವೂ ಒಳ್ಳೆಯದೇ. ಕಲ್ಲಿನ ಪಾಲು ಮಾತ್ರ ಕದಲುವುದಿಲ್ಲ. ಇಡೀ ಕಾರ್ಖಾನೆಯನ್ನು ಸೋಲಾರ್ ಮೇಲೆ ಓಡಿಸಿದರೂ ಕದಲುವುದಿಲ್ಲ. ಸರ್ಕಾರದ ಸೋಲಾರ್ ಸಾಧನೆ ನಿಮ್ಮೂರಿನ ಲೆಕ್ಕವನ್ನು ಅಷ್ಟಾಗಿ ಬದಲಿಸದಿರುವುದು ಇದರಿಂದಲೇ.

ಹಾಗಾದರೆ ದಾರಿ? ಚೀಲದಲ್ಲಿ ಕ್ಲಿಂಕರ್ ಕಡಿಮೆ ಮಾಡುವುದು. ಓಪಿಸಿ ಎನ್ನುವ ಸಾದಾ ಸಿಮೆಂಟಿನಲ್ಲಿ ಹೆಚ್ಚುಕಡಿಮೆ ಶೇ 95 ಕ್ಲಿಂಕರ್. ಪಿಪಿಸಿಯಲ್ಲಿ ಶೇ 35ರವರೆಗೆ ಹಾರುಬೂದಿ ಬೆರೆಸಬಹುದು. ಹೀಗೆ ನೋಡಿದರೆ 50 ಕಿಲೋದ ಒಂದು ಓಪಿಸಿ ಚೀಲಕ್ಕೆ ಸುಮಾರು 40 ಕಿಲೋ ಇಂಗಾಲದ ಡೈಆಕ್ಸೈಡ್, ಪಿಪಿಸಿ ಚೀಲಕ್ಕೆ 30ರ ಒಳಗೆ. ಉಕ್ಕಿನ ಕಾರ್ಖಾನೆಯ ಸ್ಲ್ಯಾಗ್ (ಕಿಟ್ಟ) ಬೆರೆಸಿದ ಪಿಎಸ್‌ಸಿಯಲ್ಲಿ ಇನ್ನೂ ಕಡಿಮೆ. ಒಂದು ಗಿಡ ವರ್ಷಕ್ಕೆ ಹತ್ತಿಪ್ಪತ್ತು ಕಿಲೋ ಹೀರಿದರೆ ಅದೇ ಹೆಚ್ಚು. ಸಸಿ ನೆಟ್ಟು ಫೋಟೊ ತೆಗೆಸಿಕೊಳ್ಳುವವರು ಈ ಎರಡು ಲೆಕ್ಕವನ್ನು ಪಕ್ಕಪಕ್ಕ ಇಟ್ಟು ನೋಡಬೇಕು.

ಇದರಲ್ಲೊಂದು ಗಂಟಿದೆ. ಹಾರುಬೂದಿ ಬರುವುದು ಶಕ್ತಿನಗರದಂಥ ಕಲ್ಲಿದ್ದಲು ಸ್ಥಾವರಗಳಿಂದ. ರಾಜ್ಯ ಕಲ್ಲಿದ್ದಲು ಬಿಟ್ಟಷ್ಟೂ ಬೂದಿಯೂ ಕಡಿಮೆಯಾಗುತ್ತದೆ. ಕರೆಂಟಿನಲ್ಲಿ ಗೆದ್ದರೆ ಸಿಮೆಂಟಿನಲ್ಲಿ ಸೋಲುವಂತಾಗಬಾರದು. ಅದಕ್ಕೆ ಎಲ್‌ಸಿ3 ಎನ್ನುವ ಹೊಸ ಬಗೆಯ ಸಿಮೆಂಟ್ ಇದೆ. ಅರ್ಧ ಮಾತ್ರ ಕ್ಲಿಂಕರ್. ಉಳಿದದ್ದು ಸುಟ್ಟ ಜೇಡಿಮಣ್ಣು, ಸುಡದ ಸುಣ್ಣದ ಕಲ್ಲಿನ ಪುಡಿ, ಸ್ವಲ್ಪ ಜಿಪ್ಸಮ್. ಜೇಡಿಯನ್ನು ಸುಡಲು ಸುಮಾರು 800 ಡಿಗ್ರಿ ಸಾಕು, ಅದರಿಂದ ಹೊರಬರುವುದು ನೀರಿನ ಹಬೆ. ಒಟ್ಟು ಇಂಗಾಲ ಶೇ 30ರಿಂದ 40ರಷ್ಟು ಇಳಿಯುತ್ತದೆ. 2023ರಲ್ಲಿ ಇದಕ್ಕೆ ಭಾರತೀಯ ಮಾನಕವೂ ಬಂದಿದೆ. ನಮ್ಮ ಎರೆ ಮಣ್ಣು ಇದಕ್ಕೆ ಅಷ್ಟು ಒಗ್ಗುವುದಿಲ್ಲ, ಕೇಯೊಲಿನ್ ಎಂಬ ಬಿಳಿ ಖನಿಜ ಇರುವ ಜೇಡಿ ಬೇಕು. ಅದು ಬೀದರ್ ಜಿಲ್ಲೆಯ ಕೆಂಪು ಜಂಬಿಟ್ಟಿಗೆ ಪ್ರದೇಶದಲ್ಲಿ ಇದೆ. ಕಲ್ಲು ಸೇಡಂನಲ್ಲಿ, ಜೇಡಿ ಬೀದರಿನಲ್ಲಿ, ನಡುವೆ ರೈಲು. ಆ ನಿಕ್ಷೇಪ ಎಷ್ಟು, ಹೊಲ-ಬಾವಿಗಳಿಗೆ ಪೆಟ್ಟಾಗದಂತೆ ಎಷ್ಟು ತೆಗೆಯಬಹುದು ಎಂದು ಅಳೆಯುವುದು ರಾಜ್ಯದ ಗಣಿ ಮತ್ತು ಭೂವಿಜ್ಞಾನ ಇಲಾಖೆಯ ಕೆಲಸ. ದಿಲ್ಲಿಗೆ ಕಾಯಬೇಕಿಲ್ಲ.

ಕಾರ್ಖಾನೆಗಳನ್ನು ಕೇಳುವವರು ಯಾರು ಅಂದಿರಿ. ಕೇಳುತ್ತಿರುವುದು ಕೇಂದ್ರ. 2022ರಲ್ಲಿ ಇಂಧನ ಸಂರಕ್ಷಣೆ ಕಾಯ್ದೆಗೆ ತಿದ್ದುಪಡಿಯಾಯಿತು, 2023ರಲ್ಲಿ ಕಾರ್ಬನ್ ಕ್ರೆಡಿಟ್ ವ್ಯಾಪಾರದ ಯೋಜನೆ ಬಂತು. ಸಿಮೆಂಟ್ ಸೇರಿದಂತೆ ಕೆಲವು ಉದ್ಯಮಗಳ ಒಂದೊಂದು ಕಾರ್ಖಾನೆಗೂ, 2023-24ನ್ನು ಮೂಲವಾಗಿಟ್ಟು, ಗುರಿ ಹಾಕಿದ್ದಾರೆ. ಗುರಿಗಿಂತ ಕಡಿಮೆ ಬಿಟ್ಟವರು ಕ್ರೆಡಿಟ್ ಮಾರಬಹುದು, ಮೀರಿದವರು ಕೊಳ್ಳಬೇಕು. ಒಳ್ಳೆಯ ಹೆಜ್ಜೆಯೇ. ಆದರೆ ಗುರಿ ಇರುವುದು ಒಂದು ಟನ್ ಸಿಮೆಂಟಿಗೆ ಎಷ್ಟು ಅನಿಲ ಎಂಬುದಕ್ಕೆ, ಒಟ್ಟು ಎಷ್ಟು ಎಂಬುದಕ್ಕಲ್ಲ. ಟನ್ನಿಗೆ ಸ್ವಲ್ಪ ಇಳಿಸಿ, ಟನ್ನುಗಳನ್ನು ದುಪ್ಪಟ್ಟು ಮಾಡಿದರೆ ಗುರಿ ಮುಟ್ಟಿದ ಹಾಗೂ ಆಯಿತು, ಆಕಾಶಕ್ಕೆ ಹೋಗುವುದು ಹೆಚ್ಚಿದ ಹಾಗೂ ಆಯಿತು.

ರಾಜ್ಯದ ಕೈಲಿ ಏನೂ ಇಲ್ಲ ಎನ್ನುವ ಮಾತಿಗೆ ನನ್ನ ತಕರಾರು ಇಲ್ಲಿ. ಸಿಮೆಂಟ್ ಕೊಳ್ಳುವ ದೊಡ್ಡ ಗಿರಾಕಿ ಯಾರು? ಸರ್ಕಾರವೇ. ರಸ್ತೆ, ಚರಂಡಿ, ಶಾಲಾ ಕೋಣೆ, ಕಾಲುವೆ, ಆಸ್ಪತ್ರೆ. ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿಗೆ 2024-25ರ ಬಜೆಟ್ಟಿನಲ್ಲಿ ಇಟ್ಟದ್ದು 5,000 ಕೋಟಿ ರೂಪಾಯಿ. ಅದರಲ್ಲಿ ಕಾಂಕ್ರೀಟ್ ಆಗಿ ಗಟ್ಟಿಯಾಗುವ ಪಾಲು ಸಣ್ಣದಲ್ಲ. ಟೆಂಡರಿನಲ್ಲಿ ಒಂದು ಸಾಲು ಸೇರಿಸಿ: ಮೇಲ್ಛಾವಣಿ, ಗೋಡೆ, ಪಾಯ, ಹಳ್ಳಿ ರಸ್ತೆಗಳಿಗೆಲ್ಲ ಪಿಪಿಸಿ, ಪಿಎಸ್‌ಸಿಯಂಥ ಬೆರಕೆ ಸಿಮೆಂಟೇ ಆಗಬೇಕು, ಓಪಿಸಿ ಬೇಕೆಂದರೆ ಎಂಜಿನಿಯರ್ ಕಾರಣ ಬರೆಯಬೇಕು. ಖರ್ಚಿಲ್ಲದ ಕೆಲಸ. ಎಲ್‌ಸಿ3 ಬಳಸಿ ಒಂದಷ್ಟು ಅಂಗನವಾಡಿ ಕಟ್ಟಿ ತೋರಿಸಲಿ, ಕಾರ್ಖಾನೆಯವರು ತಾವೇ ಮುಂದೆ ಬರುತ್ತಾರೆ. ಕೊಳ್ಳುವವನಿಲ್ಲದ ಮಾಲನ್ನು ಯಾರು ತಯಾರಿಸುತ್ತಾರೆ?

ಎರಡನೆಯದು ಜಿಲ್ಲಾ ಖನಿಜ ಪ್ರತಿಷ್ಠಾನದ ಹಣ. 2015ರ ಗಣಿ ಕಾಯ್ದೆಯ ತಿದ್ದುಪಡಿಯಿಂದ ಬಂದದ್ದು. ಸುಣ್ಣದ ಕಲ್ಲು ತೆಗೆಯುವವರು ರಾಯಧನದ ಜೊತೆಗೆ ಇದನ್ನೂ ಕಟ್ಟುತ್ತಾರೆ, ಗಣಿಯಿಂದ ಬಾಧಿತವಾದ ಊರಿಗೆ ಖರ್ಚಾಗಬೇಕು. ಗಣಿ ಪಕ್ಕದ ಹಳ್ಳಿಗಳ ಶಾಲೆ, ಆರೋಗ್ಯ ಕೇಂದ್ರದ ಮೇಲೆ ಸೋಲಾರ್ ಹಾಕಿಸಲು ಇದಕ್ಕಿಂತ ನ್ಯಾಯವಾದ ದುಡ್ಡಿಲ್ಲ. ನಿಮ್ಮ ಗ್ರಾಮ ಸಭೆಯಲ್ಲಿ ಕೇಳಬಹುದಾದ ವಿಷಯ ಇದು.

ಇನ್ನು ಕಾಗದದ ವಿಚಾರ. ರಾಜ್ಯಕ್ಕೊಂದು ಹವಾಮಾನ ಬದಲಾವಣೆ ಕ್ರಿಯಾ ಯೋಜನೆ ಇದೆ. ಬೆಂಗಳೂರಿನಲ್ಲಿರುವ ಸರ್ಕಾರದ ಪರಿಸರ ಸಂಶೋಧನಾ ಸಂಸ್ಥೆ ಎಂಪ್ರಿ ಸಿದ್ಧಪಡಿಸಿದ್ದು. ಬೆಂಗಳೂರು ನಗರಕ್ಕೆ 2023ರ ನವೆಂಬರಿನಲ್ಲಿ ಬೇರೆಯದೇ ಯೋಜನೆ ಬಂತು; ಯಾವ ಕ್ಷೇತ್ರದಿಂದ ಎಷ್ಟು ಅನಿಲ, ಯಾವ ವರ್ಷಕ್ಕೆ ಎಷ್ಟು ಇಳಿಸಬೇಕು ಎಂಬ ಲೆಕ್ಕ ಅದರಲ್ಲಿದೆ. ಸೇಡಂ-ಚಿತ್ತಾಪುರ ಪಟ್ಟಿಗೂ ಅಂಥದ್ದೊಂದು ಲೆಕ್ಕ ಬೇಕು. ಕಾರ್ಖಾನೆವಾರು, ಕನ್ನಡದಲ್ಲಿ, ತಾಲ್ಲೂಕು ಕಚೇರಿಯ ಗೋಡೆ ಮೇಲೆ.

ನಿಮ್ಮ ಹೊಲದ ಬಗ್ಗೆ ನೀವು ಕೇಳಲಿಲ್ಲ, ಆದರೂ ಹೇಳಬೇಕು. ತೊಗರಿ ಬೆಳೆಯುವವರು ಈ ಲೆಕ್ಕದಲ್ಲಿ ಒಳ್ಳೆಯ ಕಡೆಯವರು. ತೊಗರಿ ಬೇರಿನ ಗಂಟುಗಳಲ್ಲಿರುವ ಬ್ಯಾಕ್ಟೀರಿಯಾ ಗಾಳಿಯ ಸಾರಜನಕವನ್ನು ತಾನೇ ಹಿಡಿದುಕೊಡುತ್ತದೆ, ಯೂರಿಯಾ ಕಡಿಮೆ ಸಾಕು. ಯೂರಿಯಾ ಜಾಸ್ತಿ ಸುರಿದ ಹೊಲದಿಂದ ಏಳುವ ನೈಟ್ರಸ್ ಆಕ್ಸೈಡ್, ತೂಕಕ್ಕೆ ತೂಕ ಇಟ್ಟರೆ ಇಂಗಾಲದ ಡೈಆಕ್ಸೈಡಿಗಿಂತ ಸುಮಾರು 270 ಪಟ್ಟು ಕಾವು ಹಿಡಿಯುತ್ತದೆ. ಕಲಬುರಗಿ ತೊಗರಿ ಬೇಳೆಗೆ 2019ರಲ್ಲಿ ಜಿಐ ಟ್ಯಾಗ್ ಸಿಕ್ಕಿತು. ಪ್ಯಾಕೆಟ್ಟಿನ ಮೇಲೆ ಈ ಇನ್ನೊಂದು ಗುಣವನ್ನೂ ಹೇಳಿ ಮಾರಬಹುದಲ್ವಾ? ಯಾದಗಿರಿಯ ಶಹಾಪುರ, ಸುರಪುರ ಕಾಲುವೆ ಭಾಗದ ಭತ್ತದ ಗದ್ದೆಗಳದ್ದು ಬೇರೆ ಪಾಡು. ಸದಾ ನೀರು ನಿಂತ ಗದ್ದೆಯಿಂದ ಮಿಥೇನ್ ಏಳುತ್ತದೆ. ನಾಟಿಯ ಬದಲು ನೇರ ಬಿತ್ತನೆ, ಇಲ್ಲವೇ ನಡುನಡುವೆ ನೀರು ಆರಿಸಿ ಮತ್ತೆ ಬಿಡುವುದು, ಇವೆರಡೂ ಮಿಥೇನ್ ಇಳಿಸುತ್ತವೆ, ಕಾಲುವೆಯ ಕೊನೆಯಲ್ಲಿರುವವರಿಗೂ ನೀರು ಉಳಿಸುತ್ತವೆ.

ತಮ್ಮನ ಕೆಲಸ. ಶಹಾಬಾದಿನ ಹಳೆಯ ಕಾರ್ಖಾನೆ ಮುಚ್ಚಿದಾಗ ಊರು ಏನಾಯಿತು ಎಂದು ಗೊತ್ತಿರುವವರಿಗೆ ಈ ಭಯ ಸಹಜ. ಬೆರಕೆ ಸಿಮೆಂಟಿನಿಂದ ಕಾರ್ಖಾನೆ ಮುಚ್ಚುವುದಿಲ್ಲ. ಅದೇ ಕ್ಲಿಂಕರಿನಿಂದ ಹೆಚ್ಚು ಚೀಲ ಬರುತ್ತವೆ, ಕಂಪನಿಗೆ ಲಾಭವೇ. ಬೂದಿ, ಜೇಡಿ ತರುವುದು, ಅರೆಯುವುದು, ಬೆರೆಸುವುದು, ಎಲ್ಲಕ್ಕೂ ಕೈ ಬೇಕು. ಕೆಲಸಕ್ಕೆ ನಿಜವಾದ ಅಪಾಯ ಬೇರೆ ಕಡೆಯಿಂದ ಇದೆ: ಯಂತ್ರಗಳು ಮತ್ತು ಗುತ್ತಿಗೆ ಪದ್ಧತಿ. ಗುತ್ತಿಗೆ ಕೆಲಸಗಾರನನ್ನು ತೆಗೆಯಲು ಹವಾಮಾನದ ನೆಪವೂ ಬೇಕಿಲ್ಲ, ಅಲ್ವಾ? ತಮ್ಮನಿಗೆ ವಯಸ್ಸು ಚಿಕ್ಕದಿದ್ದರೆ ಐಟಿಐನಲ್ಲಿ ಎಲೆಕ್ಟ್ರಿಕಲ್ ಕಲಿಯಲು ಹೇಳಿ. ಕಾರ್ಖಾನೆಯೊಳಗೂ ಹೊರಗಿನ ಸೋಲಾರ್ ಕೆಲಸಕ್ಕೂ ಬರುತ್ತದೆ.

ಕೊನೆಗೆ ಮನೆ. ಪಿಪಿಸಿ ಹಾಕಿಸಿ, ಸ್ಲ್ಯಾಗ್ ಸಿಮೆಂಟ್ ಸಿಕ್ಕರೆ ಅದೂ ಆದೀತು. ಮೇಸ್ತ್ರಿ 53 ಗ್ರೇಡ್ ಓಪಿಸಿಯೇ ಗಟ್ಟಿ ಎಂದು ಹಟ ಹಿಡಿಯಬಹುದು. ಓಪಿಸಿ ಬೇಗ ಗಟ್ಟಿಯಾಗುತ್ತದೆ ಅಷ್ಟೇ. ಪಿಪಿಸಿ ನಿಧಾನಕ್ಕೆ ಏರಿ ಮುಂದೆ ಸರಿಸಮ ಆಗುತ್ತದೆ. ನಿಧಾನವಾದ್ದರಿಂದ ಸೆಂಟ್ರಿಂಗ್ ಬೇಗ ಬಿಚ್ಚಲು ಬಿಡಬೇಡಿ, ದಿನದ ಲೆಕ್ಕ ಎಂಜಿನಿಯರಿಂದ ಕೇಳಿಕೊಳ್ಳಿ. ನೀರು ಹೊಡೆಯುವುದು ಓಪಿಸಿಗೆ ಕನಿಷ್ಠ ಏಳು ದಿನವಾದರೆ ಪಿಪಿಸಿಗೆ ಕನಿಷ್ಠ ಹತ್ತು. ನೀವು ಕಟ್ಟಿಸುತ್ತಿರುವುದು ಸೇಡಂ ಬೇಸಿಗೆಯಲ್ಲಿ, ಹದಿನಾಲ್ಕು ದಿನ ಬಿಡದೆ ಹೊಡೆಯಿರಿ. ಸ್ಲ್ಯಾಬಿಗೆ ಮಡಿ ಕಟ್ಟಿ ನೀರು ನಿಲ್ಲಿಸಿ, ಕಂಬಗಳಿಗೆ ಹಸಿ ಗೋಣಿಚೀಲ ಸುತ್ತಿ. ಸ್ಲ್ಯಾಬ್ ಹಾಕುವ ದಿನ ಬಿಸಿಲೇರುವ ಮೊದಲೇ ಕೆಲಸ ಶುರುಮಾಡಿಸಿ. ಮಾಳಿಗೆಯ ಮೇಲೆ ಮೂರು ಕಿಲೋವಾಟ್ ಫಲಕಕ್ಕೆ ನೆರಳು ಬೀಳದ ಸುಮಾರು 300 ಚದರ ಅಡಿ ಜಾಗ ಬಿಡಿಸಿ, ಕೆಳಗೆ ಮೀಟರ್ ಬೋರ್ಡಿನವರೆಗೆ ಒಂದು ಖಾಲಿ ಪೈಪನ್ನೂ ಈಗಲೇ ಹಾಕಿಸಿಡಿ.